ನೀರು ಒಗ್ಗಲಿಲ್ಲ ಎನ್ನುವ ಮೊದಲು

(ತಾಯಂದಿರ ಸಭೆಯೊಂದರಲ್ಲಿ ನಿವೃತ್ತ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಏಪ್ರಿಲ್ ತಿಂಗಳಲ್ಲಿ ಶಾಲೆಗಳಿಗೆ ಬೇಸಗೆಯ ರಜೆ ಬಂದಿತೆಂದರೆ ನಮ್ಮ ನಾಡಿನ ಬಸ್ ನಿಲ್ದಾಣಗಳಲ್ಲಿ ಕಾಣುವ ನೋಟವನ್ನು ನಿಮಗೆ ವರ್ಣಿಸಿ ಹೇಳಬೇಕಾದುದಿಲ್ಲ. ಕೈಯಲ್ಲಿ ಚೀಲ, ಕಂಕುಳಲ್ಲಿ ಕೂಸು, ಸೆರಗು ಹಿಡಿದು ನಿಂತ ಇನ್ನೊಂದು ಮಗು. ಹೀಗೆ ತವರಿಗೆ ಹೊರಟ ತಾಯಂದಿರು ಸಾಲುಗಟ್ಟಿ ನಿಂತಿರುತ್ತಾರೆ. ಅಜ್ಜನ ಮನೆ, ಸೋದರಮಾವನ ತೋಟ, ಮಾವಿನ ಮರ, ರಾತ್ರಿ ಮಾಳಿಗೆಯ ಮೇಲೆ ಸಾಲಾಗಿ ಹಾಸಿದ ಹಾಸಿಗೆ, ಇವೆಲ್ಲ ಮಕ್ಕಳ ಪಾಲಿಗೆ ವರ್ಷವಿಡೀ ಕಾದು ಪಡೆದ ಭಾಗ್ಯ. ನಡುವೆ ವೈಶಾಖ ಶುದ್ಧ ತದಿಗೆಯ ಬಸವ ಜಯಂತಿ ಬರುತ್ತದೆ. ಹಲವು ಊರುಗಳಲ್ಲಿ ಗ್ರಾಮದೇವತೆಯ ಜಾತ್ರೆಯೂ ಬರುತ್ತದೆ. ಹೆಣ್ಣುಮಕ್ಕಳನ್ನು ಕರೆಸಿ, ಹೋಳಿಗೆ ಮಾಡಿ, ಉಡಿ ತುಂಬಿ ಕಳುಹಿಸುವುದು ನಮ್ಮ ಹಿರಿಯರು ನಡೆಸಿಕೊಂಡು ಬಂದ ಒಳ್ಳೆಯ ಪದ್ಧತಿ.

ಈ ಸಂತೋಷಕ್ಕೆ ಅಡ್ಡಿ ಹೇಳಲು ನಾನು ಬಂದವಳಲ್ಲ. ಪ್ರಯಾಣ ಬೇಡ, ಹಬ್ಬದ ಊಟ ಬೇಡ, ಮಕ್ಕಳನ್ನು ಬಿಸಿಲಿಗೆ ಬಿಡಬೇಡಿ ಎಂದು ಪಟ್ಟಿ ಓದುವ ವೈದ್ಯರ ಮಾತನ್ನು ಯಾರೂ ಕೇಳುವುದಿಲ್ಲ, ಕೇಳಬೇಕಾದುದೂ ಇಲ್ಲ. ಮೂವತ್ತು ವರ್ಷಗಳಿಗೂ ಮಿಕ್ಕಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೆಲಸ ಮಾಡಿದ ನಾನು ನಿಮ್ಮೊಡನೆ ಒಂದೇ ಒಂದು ಮಾತನ್ನು ಆಡಬೇಕೆಂದಿದ್ದೇನೆ. ನೆಂಟರ ಮನೆಯಲ್ಲಿ ಮಗುವಿಗೆ ಭೇದಿಯಾದಾಗ ನಾವೆಲ್ಲರೂ ಆಡುವ ಮಾತದು: "ನೀರು ಒಗ್ಗಲಿಲ್ಲ."

ಈ ಮಾತನ್ನು ನಾನು ಮೊದಲು ಕೇಳಿದುದು 1973ರ ಬೇಸಗೆಯಲ್ಲಿ. ಆಗ ನನಗೆ ಒಂಬತ್ತು ವರ್ಷ. 1972ರಲ್ಲಿ ಮಳೆ ಕೈಕೊಟ್ಟು ನಮ್ಮ ಉತ್ತರ ಕರ್ನಾಟಕದ ಬಯಲುಸೀಮೆಯಲ್ಲಿ ಬರ ಬಿದ್ದಿತ್ತು. ಅಜ್ಜನ ಊರಿನ ಸಿಹಿನೀರಿನ ಬಾವಿ ತಳ ಕಂಡಿತ್ತು. ಹೆಂಗಸರು ಬೆಳಗಿನ ಜಾವ ಎದ್ದು ಹಳ್ಳಕ್ಕೆ ಹೋಗಿ, ಮರಳಿನಲ್ಲಿ ಒರತೆ ತೋಡಿ, ಚಿಪ್ಪಿನಿಂದ ಮೊಗೆದು ಕೊಡ ತುಂಬಿಸಿಕೊಂಡು ಬರುತ್ತಿದ್ದರು. ಅದೇ ಹಳ್ಳದ ದಂಡೆಯ ಮೇಲೆ ದನಗಳೂ ನಿಲ್ಲುತ್ತಿದ್ದವು. ಜನರು ಬಯಲಿಗೆ ಹೋಗುತ್ತಿದ್ದುದೂ ಅಲ್ಲಿಯೇ. ಹಾಗಿದ್ದರೂ ಅಜ್ಜ ಹಬ್ಬವನ್ನು ಬಿಡಲಿಲ್ಲ. "ಬರ ಬಂತಂತ ಬಸವಣ್ಣನ್ನ ಮರಿಯೂದೇನು?" ಎಂದರು. ಎಲುಬು ಕಾಣುತ್ತಿದ್ದ ಎತ್ತುಗಳ ಮೈತೊಳೆದು, ಕೋಡಿಗೆ ಬಣ್ಣ ಬಳಿದು, ಹಣೆಗೆ ಗೊಂಡೆ ಕಟ್ಟಿದರು. ನನ್ನ ತಾಯಿಯ ತಂಗಿ, ನಮ್ಮ ಕಡೆಯ ಮಾತಿನಲ್ಲಿ ಚಿಗವ್ವ, ಹುಬ್ಬಳ್ಳಿಯಿಂದ ಹದಿನೆಂಟು ತಿಂಗಳ ಮಗಳನ್ನು ಎತ್ತಿಕೊಂಡು ಬಂದಿದ್ದಳು. ದುಂಡುದುಂಡಗಿನ ಕೂಸು, ಎತ್ತಿನ ಕೊರಳ ಗೆಜ್ಜೆಯ ಸದ್ದು ಕೇಳಿದರೆ ತಾನೂ ಕುಣಿಯುತ್ತಿತ್ತು.

ಹಬ್ಬದ ಮಧ್ಯರಾತ್ರಿ ಮಗುವಿಗೆ ವಾಂತಿಯೂ ನೀರಿನಂಥ ಭೇದಿಯೂ ಪ್ರಾರಂಭವಾದವು. ಹಿರಿಯರು ಎದ್ದು ಕುಳಿತರು. ಒಬ್ಬರು ದೃಷ್ಟಿ ಎಂದರು. ಇನ್ನೊಬ್ಬರು ಹಲ್ಲು ಬರುವ ಕಾಲ ಎಂದರು. ಕೊನೆಗೆ ಎಲ್ಲರೂ ಒಪ್ಪಿದುದು ನೀರು ಒಗ್ಗಲಿಲ್ಲ ಎಂಬ ಮಾತನ್ನು. ಹುಬ್ಬಳ್ಳಿಯ ಕೂಸಿಗೆ ನಮ್ಮೂರ ನೀರು ಒಗ್ಗಲಿಲ್ಲ ಎಂದು. ಒಗ್ಗದ ನೀರನ್ನು ಮತ್ತೆ ಕೊಡುವುದುಂಟೆ? ಮಗು ತಂಬಿಗೆಯತ್ತ ಕೈಚಾಚಿ ಅಳುತ್ತಿದ್ದಾಗ ನಮ್ಮ ಅಜ್ಜಿ ಅದನ್ನು ದೂರ ಸರಿಸಿ, "ನೀರು ಕೊಡಬ್ಯಾಡವ್ವಾ, ಹೊಟ್ಟಿ ಮತ್ತಷ್ಟು ಸಡ್ಲ ಆಗ್ತದ" ಎಂದರು. ಮೊಲೆಹಾಲನ್ನೂ ನಿಲ್ಲಿಸಿದರು. ಚಿಗವ್ವನಿಗೆ ಆಗ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ತಾಯಿಯ ಮನೆಯೇ ಆದರೂ ಹಿರಿಯರ ಎದುರು ಆಕೆ ಏನು ಹೇಳಬಲ್ಲಳು? ಬೆಳಗಾಗುವಷ್ಟರಲ್ಲಿ ಮಗುವಿನ ಕಣ್ಣು ಒಳಗೆ ಹೋಗಿದ್ದವು; ಅಳುತ್ತಿತ್ತು, ಆದರೆ ಕಣ್ಣೀರು ಬರುತ್ತಿರಲಿಲ್ಲ. ಹಬ್ಬಕ್ಕೆಂದು ಸಿಂಗರಿಸಿದ್ದ ಎತ್ತುಗಳನ್ನೇ ಗಾಡಿಗೆ ಹೂಡಿ ತಾಲ್ಲೂಕು ಆಸ್ಪತ್ರೆಗೆ ಹೊರಟರು. ಡಾಂಬರು ರಸ್ತೆಗೆ ಮುಟ್ಟುವ ಮೊದಲೇ ಗಾಡಿ ಹಿಂತಿರುಗಿ ಬಂದಿತು. ಎತ್ತುಗಳ ಕೋಡಿನ ಬಣ್ಣ ಇನ್ನೂ ಹಾಗೆಯೇ ಇದ್ದಿತು.

ಈ ಸಂಗತಿಯನ್ನು ನಾನು ಯಾರ ಮೇಲೂ ದೂರು ಹೊರಿಸಲು ಹೇಳುತ್ತಿಲ್ಲ. ನಮ್ಮ ಅಜ್ಜಿ ಆ ಮಗುವನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುತ್ತಿದ್ದರು. ಅವರು ಮಾಡಿದುದು ಅವರ ತಾಯಿಯಿಂದ ಕಲಿತದ್ದನ್ನು. ಆದರೆ ಮುಂದೆ ವೈದ್ಯಕೀಯ ವಿದ್ಯಾರ್ಥಿನಿಯಾಗಿ ತರಗತಿಯಲ್ಲಿ ಕುಳಿತು ಅತಿಸಾರದ ಪಾಠವನ್ನು ಕೇಳಿದ ದಿನ ನನ್ನ ಕಣ್ಣಿಗೆ ಕಟ್ಟಿದುದು ಅಜ್ಜಿಯ ಅಡಿಗೆಮನೆಯ ಮಾಡ. ಅಲ್ಲಿ ಉಪ್ಪಿನ ಮಡಕೆ ಇದ್ದಿತು. ಹಬ್ಬಕ್ಕೆಂದು ತಂದ ಸಕ್ಕರೆಯ ಪೊಟ್ಟಣವೂ ಇದ್ದಿತು. ಒಲೆ ಉರಿಯುತ್ತಿತ್ತು, ಕುದಿಸಲು ಪಾತ್ರೆ ಇದ್ದಿತು. ಆ ಕೂಸಿಗೆ ಬೇಕಾಗಿದ್ದ ಔಷಧವೆಲ್ಲ ಹತ್ತು ಹೆಜ್ಜೆಯ ದೂರದಲ್ಲಿತ್ತು.

ಆ ಮಾತು ಪೂರ್ತಿ ಸುಳ್ಳೆಂದು ನಾನು ಹೇಳಲಾರೆ. ಒಂದು ಊರಿನ ನೀರಿನಲ್ಲಿರುವ ಕೆಲವು ರೋಗಾಣುಗಳನ್ನು ಆ ಊರಿನವರ ದೇಹವು ಮೊದಲೇ ಎದುರಿಸಿ ತಕ್ಕಮಟ್ಟಿಗೆ ತಡೆಯುವ ಶಕ್ತಿಯನ್ನು ಪಡೆದಿರುತ್ತದೆ. ಹೊರಗಿನಿಂದ ಬಂದ ಮಗುವಿಗೆ ಅವು ಹೊಸವು. ಆದಕಾರಣವೇ ಅಲ್ಲಿನ ಮಕ್ಕಳು ಆಡಿಕೊಂಡಿರುವಾಗ ನಿಮ್ಮ ಮಗು ಮಲಗುತ್ತದೆ. ಆದರೆ ಒಗ್ಗದೆ ಹೋದುದು ನೀರಲ್ಲ. ನೀರಿನಲ್ಲಿ, ತಿನಿಸಿನಲ್ಲಿ, ತೊಳೆಯದ ಕೈಯಲ್ಲಿ ಸೇರಿಕೊಂಡ ಮಲದ ಅಂಶ. ಕೇಳಲು ಅಸಹ್ಯವೆನಿಸಿದರೂ ಸತ್ಯವಿದು. ಮತ್ತು ಒಮ್ಮೆ ಭೇದಿ ಪ್ರಾರಂಭವಾದ ಮೇಲೆ ಮಗುವನ್ನು ಕೊಲ್ಲುವುದು ಹೆಚ್ಚಾಗಿ ರೋಗಾಣುವಲ್ಲ, ದೇಹದಿಂದ ಹೊರಗೆ ಹರಿದುಹೋಗುವ ನೀರು ಮತ್ತು ಲವಣ. ನೀರು ಒಗ್ಗಲಿಲ್ಲವೆಂದು ನೀರನ್ನೇ ನಿಲ್ಲಿಸಿದರೆ, ಸೋರುತ್ತಿರುವ ಕೊಡಕ್ಕೆ ನೀರು ಹಾಕುವುದನ್ನು ಬಿಟ್ಟು ಕೊಡ ತುಂಬಿರಲೆಂದು ಬಯಸಿದಂತೆ.

ಇಲ್ಲಿ ಒಂದು ಸಂದೇಹ ಬರುವುದು ಸಹಜ. ಕುಡಿಸಿದುದೆಲ್ಲ ಭೇದಿಯಾಗಿ ಹೋಗುತ್ತಿರುವಾಗ ಮತ್ತೆ ಕುಡಿಸಿ ಏನು ಪ್ರಯೋಜನ? ಬರಿಯ ನೀರಾದರೆ ನಿಮ್ಮ ಸಂದೇಹದಲ್ಲಿ ಸ್ವಲ್ಪ ಅರ್ಥವಿದೆ. ಆದರೆ ಕರುಳಿನ ಗೋಡೆಗೆ ಒಂದು ವಿಶೇಷ ಗುಣವಿದೆ. ಸಕ್ಕರೆಯ ಅಂಶವೂ ಉಪ್ಪಿನ ಅಂಶವೂ ಜೊತೆಯಾಗಿ ಬಂದರೆ ಅದು ಎರಡನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಅವುಗಳ ಹಿಂದೆಯೇ ನೀರೂ ಒಳಗೆ ಹೋಗುತ್ತದೆ. ಭೇದಿಯಾಗುತ್ತಿರುವಾಗಲೂ ಈ ಬಾಗಿಲು ಸಾಮಾನ್ಯವಾಗಿ ಮುಚ್ಚುವುದಿಲ್ಲ. ಹೀಗಾಗಿ ಅಳತೆಯ ಪ್ರಕಾರ ಸಕ್ಕರೆ ಉಪ್ಪು ಬೆರೆತ ನೀರು ಮಗುವಿನ ಮೈಯಲ್ಲಿ ನಿಲ್ಲುತ್ತದೆ. ಭೇದಿ ಒಡನೆಯೇ ನಿಲ್ಲದಿರಬಹುದು. ಮಗು ಮಾತ್ರ ಬಾಡುವುದಿಲ್ಲ.

ಇದು ದೊಡ್ಡ ಪ್ರಮಾಣದಲ್ಲಿ ಸಾಬೀತಾದುದು ನಮ್ಮ ದೇಶದಲ್ಲಿಯೇ, ಅದೂ ಸಂಕಟದ ಕಾಲದಲ್ಲಿ. 1971ರ ಬಾಂಗ್ಲಾದೇಶ ಯುದ್ಧದ ಸಮಯದಲ್ಲಿ ಲಕ್ಷಾಂತರ ನಿರಾಶ್ರಿತರು ಗಡಿ ದಾಟಿ ಪಶ್ಚಿಮ ಬಂಗಾಳಕ್ಕೆ ಬಂದರು. ಬನಗಾಂವ್ ಎಂಬಲ್ಲಿನ ಶಿಬಿರದಲ್ಲಿ ಕಾಲರಾ ಹಬ್ಬಿತು. ನರಕ್ಕೆ ಏರಿಸುವ ದ್ರಾವಣವು ಸಾಲದೆ ಬಂದಾಗ ಡಾ. ದಿಲೀಪ್ ಮಹಲನಬಿಸ್ ಅವರು ಗ್ಲೂಕೋಸ್, ಉಪ್ಪು, ಅಡಿಗೆ ಸೋಡಾಗಳನ್ನು ಅಳತೆ ಮಾಡಿಸಿ, ಪೊಟ್ಟಣ ಕಟ್ಟಿಸಿ, ಪೀಪಾಯಿಗಳಲ್ಲಿ ನೀರಿಗೆ ಬೆರೆಸಿ ರೋಗಿಗಳಿಗೆ ಕುಡಿಸುವ ಏರ್ಪಾಡು ಮಾಡಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗೆ ಇಳಿಯಿತು. ಇದರಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ತಟ್ಟುವ ಅಂಶ ಬೇರೆ. ಸಾಕಷ್ಟು ದಾದಿಯರಿಲ್ಲದ ಆ ಶಿಬಿರದಲ್ಲಿ ಲೋಟ ಹಿಡಿದು ಕುಡಿಸಿದವರಲ್ಲಿ ರೋಗಿಗಳ ಬಂಧುಗಳೇ ಹೆಚ್ಚು: ತಾಯಿ, ಅಜ್ಜಿ, ಅಣ್ಣ, ಅತ್ತೆ. ಆ ಅನುಭವದ ವರದಿಯು ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅಚ್ಚಾದುದು 1973ರಲ್ಲಿ, ನಮ್ಮ ಮನೆಯ ಗಾಡಿ ಅರ್ಧ ದಾರಿಯಿಂದ ಹಿಂತಿರುಗಿದ ವರ್ಷವೇ. ಡಾ. ಮಹಲನಬಿಸ್ ಅವರು 2022ರಲ್ಲಿ ತೀರಿಕೊಂಡರು. 2023ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು.

ಆ ಪೊಟ್ಟಣದ ಸುಧಾರಿಸಿದ ರೂಪವೇ ಇಂದು ನಿಮ್ಮೂರಿನ ಆಶಾ ಕಾರ್ಯಕರ್ತೆಯ ಬಳಿ, ಅಂಗನವಾಡಿಯಲ್ಲಿ, ಉಪಕೇಂದ್ರದಲ್ಲಿ ಉಚಿತವಾಗಿ ದೊರೆಯುವ ಓ.ಆರ್.ಎಸ್. ಪುಡಿ. ನಮ್ಮಲ್ಲಿ ಇದನ್ನು ಜೀವಜಲವೆಂದೂ ಕರೆಯುತ್ತಾರೆ, ಒಳ್ಳೆಯ ಹೆಸರು. ಇದನ್ನು ಓದುತ್ತಿರುವ ನೀವು ಊರಿಗೆ ಹೊರಡುವ ಮುನ್ನ ಎರಡು ಪೊಟ್ಟಣಗಳನ್ನು ಪಡೆದು ಚೀಲದಲ್ಲಿ ಇಟ್ಟುಕೊಳ್ಳಬೇಕೆಂಬುದೇ ನನ್ನ ಮೊದಲ ವಿನಂತಿ. ಮಧ್ಯರಾತ್ರಿಯಲ್ಲಿ, ಗುರುತಿಲ್ಲದ ಊರಿನಲ್ಲಿ ಆಶಾ ಕಾರ್ಯಕರ್ತೆಯ ಮನೆ ಎಲ್ಲಿ ಎಂದು ಹುಡುಕುವ ಪ್ರಸಂಗ ಬಾರದಿರಲಿ.

ಬೆರೆಸುವ ಕ್ರಮ ಸುಲಭವೇ ಆದರೂ ಅಲ್ಲಿಯೇ ತಪ್ಪುಗಳಾಗುವುದನ್ನು ನಾನು ಕಂಡಿದ್ದೇನೆ. ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್ ನೀರು, ಕುದಿಸಿ ಆರಿಸಿದ್ದು. ಪೊಟ್ಟಣವನ್ನು ಪೂರ್ತಿಯಾಗಿ ಒಮ್ಮೆಗೇ ಬೆರೆಸಬೇಕು. ಮಗು ಚಿಕ್ಕದಲ್ಲವೇ ಎಂದು ಅರ್ಧ ಲೋಟ ನೀರಿಗೆ ಚಿಟಿಕೆ ಪುಡಿ ಹಾಕಿ ಕುಡಿಸುವವರಿದ್ದಾರೆ. ನೀರು ಕಡಿಮೆಯಾಗಿ ಪುಡಿ ಹೆಚ್ಚಾದರೆ ಅಪಾಯ, ಪುಡಿ ಕಡಿಮೆಯಾದರೆ ನಿಷ್ಪ್ರಯೋಜನ. 200 ಮಿಲಿಲೀಟರಿನ ಸಣ್ಣ ಪೊಟ್ಟಣಗಳೂ ಅಂಗಡಿಗಳಲ್ಲಿ ಇವೆ. ಆದಕಾರಣ ಪೊಟ್ಟಣದ ಮೇಲೆ ಬರೆದಿರುವ ಅಳತೆಯನ್ನು ಓದಿ, ಓದಲು ಬಾರದಿದ್ದರೆ ಓದಿಸಿ, ಅಷ್ಟೇ ನೀರನ್ನು ಹಾಕಿ. ಹಾಲು, ಹಣ್ಣಿನ ರಸ, ಸೋಡಾಗಳಿಗೆ ಇದನ್ನು ಬೆರೆಸಬಾರದು; ಮೇಲೆ ಸಕ್ಕರೆಯನ್ನೂ ಹಾಕಬಾರದು. ಬೆರೆಸಿದುದನ್ನು 24 ಗಂಟೆಗಳೊಳಗೆ ಮುಗಿಸಿ, ಉಳಿದುದನ್ನು ಚೆಲ್ಲಿ, ಮರುದಿನಕ್ಕೆ ಹೊಸದಾಗಿ ಮಾಡಿ.

ಪ್ರತಿ ಸಲ ನೀರುಭೇದಿಯಾದ ಮೇಲೂ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿಲೀಟರ್, ಎಂದರೆ ಸುಮಾರು ಕಾಲು ಲೋಟದಿಂದ ಅರ್ಧ ಲೋಟ. ಎರಡರಿಂದ ಐದು ವರ್ಷದ ಮಗುವಿಗೆ 100ರಿಂದ 200 ಮಿಲಿಲೀಟರ್ ಕುಡಿಸಬೇಕು. ಎರಡು ತಿಂಗಳೊಳಗಿನ ಹಸುಗೂಸಿಗೆ ಚಮಚದಿಂದ ಐದು ಗುಟುಕು ಸಾಕು. ಆದರೆ ಅಷ್ಟು ಎಳೆಯ ಕೂಸಿಗೆ ಭೇದಿಯಾದರೆ ಮನೆಯಲ್ಲಿ ಕಾಯದೆ ವೈದ್ಯರಲ್ಲಿಗೆ ಹೋಗುವುದೇ ಸರಿ. ಗಟಗಟನೆ ಕುಡಿಸಿದರೆ ಮಗು ಕಕ್ಕುತ್ತದೆ. ಕಕ್ಕಿತೆಂದು ಬಿಡಬೇಡಿ, ಹತ್ತು ನಿಮಿಷ ತಡೆದು ಮತ್ತೆ ಚಮಚ ಚಮಚವಾಗಿ ಹಾಕಿ. ಇದು ತಾಳ್ಮೆಯ ಕೆಲಸ. ತಾಯಿ ಒಬ್ಬಳಿಗೇ ರಾತ್ರಿಯೆಲ್ಲ ಇದು ಸಾಧ್ಯವಿಲ್ಲ. ಮನೆ ತುಂಬ ನೆಂಟರಿರುವಾಗ ಸರದಿಯ ಮೇಲೆ ಕೂರಬಾರದೇಕೆ? ಗಂಡಸರೂ ಕೂರಬಹುದು, ಚಮಚ ಹಿಡಿಯಲು ಅವರಿಗೆ ಬಾರದೇನೂ ಇಲ್ಲ.

ಪುಡಿ ಸಿಕ್ಕಲಿಲ್ಲವೆಂದರೆ, ಸಿಕ್ಕುವವರೆಗೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಚಹಾ ಚಮಚದಲ್ಲಿ ತಲೆಸಮ ಮಾಡಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಕದಡಿ ಕೊಡಬಹುದು. ಮಗುವಿಗೆ ಕುಡಿಸುವ ಮೊದಲು ನೀವು ಒಂದು ಗುಟುಕು ರುಚಿ ನೋಡಿ. ಅದು ಕಣ್ಣೀರಿಗಿಂತ ಹೆಚ್ಚು ಉಪ್ಪಾಗಿರಬಾರದು. ಉಪ್ಪು ಹಾಕಿದ ಅಕ್ಕಿಯ ಗಂಜಿ, ಉಪ್ಪು ಹಾಕಿದ ತಿಳಿ ಮಜ್ಜಿಗೆ ಸಹ ಒಳ್ಳೆಯವೇ. ಕೊಡಬಾರದುದೆಂದರೆ ಅಂಗಡಿಯ ಸಿಹಿ ಪಾನೀಯಗಳು. ಅವುಗಳ ಅತಿಯಾದ ಸಕ್ಕರೆಯು ಕರುಳಿಗೆ ಇನ್ನಷ್ಟು ನೀರನ್ನು ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ಕೆಲವು ಸಿಹಿ ಪಾನೀಯಗಳ ಡಬ್ಬಿಯ ಮೇಲೆ ಓ.ಆರ್.ಎಸ್. ಎಂಬ ಅಕ್ಷರಗಳನ್ನೇ ಅಚ್ಚು ಮಾಡಿ ಮಾರುತ್ತಿದ್ದರು. ಹಾಗೆ ಆ ಹೆಸರನ್ನು ಬಳಸಕೂಡದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು 2025ರಲ್ಲಿ ಆದೇಶ ಹೊರಡಿಸಿತು. ಬಸ್ ನಿಲ್ದಾಣದ ಅಂಗಡಿಯಲ್ಲಿ ಹಣ ಕೊಟ್ಟು ಕೊಂಡದ್ದು ಸರ್ಕಾರದ ಉಚಿತ ಪೊಟ್ಟಣಕ್ಕಿಂತ ಮೇಲೆಂದು ಭಾವಿಸಬೇಡಿ.

ಮೊಲೆಹಾಲನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು. ಮೊದಲಿಗಿಂತ ಹೆಚ್ಚು ಸಲ ಕೊಡಬೇಕು. ಊಟ ಮಾಡುವ ಮಗುವಿಗೆ ಮೆತ್ತಗಿನ ಅನ್ನ, ತೊವ್ವೆ, ಬಾಳೆಹಣ್ಣುಗಳನ್ನು ಸ್ವಲ್ಪಸ್ವಲ್ಪವಾಗಿ ತಿನ್ನಿಸುತ್ತಿರಬೇಕು. ಇದರ ಜೊತೆಗೆ ಆಶಾ ಕಾರ್ಯಕರ್ತೆಯು ಸತುವಿನ ಮಾತ್ರೆಗಳನ್ನು ಕೊಡುತ್ತಾರೆ; ಜಿಂಕ್ ಮಾತ್ರೆಯೆಂದರೆ ಎಲ್ಲರಿಗೂ ತಿಳಿಯುತ್ತದೆ. ಆರು ತಿಂಗಳು ತುಂಬಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಮಿನ ಒಂದು ಮಾತ್ರೆ, ಎರಡರಿಂದ ಆರು ತಿಂಗಳ ಕೂಸಿಗೆ ಅರ್ಧ ಮಾತ್ರೆ. ಚಮಚದಲ್ಲಿ ಮೊಲೆಹಾಲಿನಲ್ಲಿಯೋ ಕುದಿಸಿ ಆರಿಸಿದ ನೀರಿನಲ್ಲಿಯೋ ಕರಗಿಸಿ ಹದಿನಾಲ್ಕು ದಿನ ಕೊಡಬೇಕು. ಭೇದಿ ಮೂರು ದಿನಕ್ಕೆ ನಿಂತಿತು, ರಜೆ ಮುಗಿಯಿತು, ಮಾತ್ರೆಯನ್ನು ಅಜ್ಜನ ಮನೆಯ ಮಾಡದಲ್ಲಿಯೇ ಬಿಟ್ಟು ಬಂದೆವು ಎನ್ನುವ ತಾಯಂದಿರು ನನಗೆ ಲೆಕ್ಕವಿಲ್ಲದಷ್ಟು ಸಿಕ್ಕಿದ್ದಾರೆ. ಹದಿನಾಲ್ಕು ದಿನ ತೆಗೆದುಕೊಂಡ ಮಗುವಿಗೆ ಮುಂದಿನ ಎರಡು ಮೂರು ತಿಂಗಳಲ್ಲಿ ಮತ್ತೆ ಭೇದಿಯಾಗುವ ಸಂಭವ ಕಡಿಮೆ. ಭೇದಿಯನ್ನು ಥಟ್ಟನೆ ಕಟ್ಟಿಸುವ ಮಾತ್ರೆಗಳನ್ನು ಮಾತ್ರ ಅಂಗಡಿಯಿಂದ ತಂದು ಎಳೆಯ ಮಕ್ಕಳಿಗೆ ಕೊಡಲೇಬೇಡಿ, ಅವು ಅಪಾಯಕಾರಿ. ಇನ್ನು ಹೊಟ್ಟೆಯ ಮೇಲೆ ಬರೆ ಹಾಕುವ ಪದ್ಧತಿಯ ಬಗೆಗೆ ಹೆಚ್ಚು ಹೇಳಲಾರೆ. ಸುಟ್ಟ ಗಾಯದ ಮೇಲೆ ಭೇದಿಯ ನಿತ್ರಾಣವೂ ಸೇರಿದ ಮಕ್ಕಳನ್ನು ನನ್ನ ಮೇಜಿನ ಮೇಲೆ ಮಲಗಿಸಿದ್ದಾರೆ. ಆ ನೋವು ಯಾವ ಶತ್ರುವಿನ ಮಗುವಿಗೂ ಬೇಡ.

ಯಾವಾಗ ಮನೆಯ ಉಪಚಾರವನ್ನು ನೆಚ್ಚಿ ಕೂರಬಾರದು? ಮಗು ಮಂಕಾಗಿ ಕಣ್ಣು ತೆರೆಯದಿದ್ದರೆ, ಕುಡಿಯಲಾರದಿದ್ದರೆ, ಕುಡಿದುದನ್ನೆಲ್ಲ ಕಕ್ಕುತ್ತಿದ್ದರೆ, ಕಣ್ಣು ಗುಳಿಬಿದ್ದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಜ್ವರ ಏರಿದರೆ, ಬಹಳ ಹೊತ್ತು ಮೂತ್ರವೇ ಆಗದಿದ್ದರೆ. ಹೊಟ್ಟೆಯ ಚರ್ಮವನ್ನು ಹೊಕ್ಕುಳದ ಪಕ್ಕದಲ್ಲಿ ಎರಡು ಬೆರಳಿನಿಂದ ಎತ್ತಿ ಬಿಡಿ. ಅದು ಒಡನೆಯೇ ಸಮನಾಗದೆ ಮಡಿಕೆಯಾಗಿ ನಿಂತರೆ ಮೈಯ ನೀರು ಬಹಳವಾಗಿ ಬತ್ತಿದೆಯೆಂದು ತಿಳಿಯಬೇಕು. ಆಗ 108ಕ್ಕೆ ದೂರವಾಣಿ ಮಾಡಿ. ವಾಹನ ಬರುವವರೆಗೂ, ವಾಹನದಲ್ಲಿ ಹೋಗುವಾಗಲೂ, ಮಗು ನುಂಗಬಲ್ಲುದಾದರೆ ಚಮಚವನ್ನು ನಿಲ್ಲಿಸಬೇಡಿ. 1973ರಲ್ಲಿ ಆ ಗಾಡಿಯಲ್ಲಿ ಕುಳಿತವರ ಕೈಯಲ್ಲಿ ಒಂದು ತಂಬಿಗೆ ನೀರೂ ಇರಲಿಲ್ಲ.

ಭೇದಿ ಬಾರದಂತೆ ತಡೆಯುವುದು ಹೇಗೆಂಬುದನ್ನು ನೀವು ಶಾಲೆಯ ಪುಸ್ತಕಗಳಲ್ಲಿಯೂ ಓದಿರುತ್ತೀರಿ, ವಿಸ್ತರಿಸುವುದಿಲ್ಲ. ಕುಡಿಯುವ ನೀರನ್ನು ಕುದಿಸಿ ಆರಿಸಿ ಮುಚ್ಚಿಡುವುದು, ಕೈ ಅದ್ದದೆ ಹಿಡಿಕೆಯ ಸೌಟಿನಿಂದ ತೆಗೆಯುವುದು, ತಿನ್ನಿಸುವ ಮೊದಲೂ ಮಗುವಿನ ಮಲ ತೊಳೆದ ಮೇಲೂ ಸಾಬೂನಿನಿಂದ ಕೈತೊಳೆಯುವುದು, ಇಷ್ಟು ಪಾಲಿಸಿದರೆ ಬಹುಪಾಲು ಕೆಲಸ ಮುಗಿಯಿತು. ಹಬ್ಬದ ಮನೆಗೆ ಸಂಬಂಧಿಸಿದ ಒಂದೆರಡು ಮಾತು ಮಾತ್ರ ಸೇರಿಸುತ್ತೇನೆ. ಹಬ್ಬದ ದಿನದ ಅಡಿಗೆಗಿಂತ ಮಾರನೆಯ ದಿನದ ತಂಗಳು ಹೆಚ್ಚು ಅಪಾಯಕಾರಿ. ಹೋಳಿಗೆಯ ಕಟ್ಟಿನ ಸಾರು ಮರುದಿನ ಹೆಚ್ಚು ರುಚಿಯೆಂಬುದು ನನಗೂ ಗೊತ್ತು. ದೊಡ್ಡವರು ಚೆನ್ನಾಗಿ ಕುದಿಸಿ ಉಣ್ಣಲಿ, ಎಳೆಯ ಮಕ್ಕಳಿಗೆ ಹೊಸದಾಗಿ ಬೇಯಿಸಿದುದನ್ನೇ ಕೊಡಿ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಬೆಳಿಗ್ಗೆ ಮಾಡಿದ ತಿನಿಸು ಸಂಜೆಗೆ ಕೆಡುತ್ತದೆ. ಜಾತ್ರೆಯಲ್ಲಿ ಹೆಚ್ಚಿಟ್ಟ ಕಲ್ಲಂಗಡಿಯೂ ಬಣ್ಣದ ಐಸೂ ಮಕ್ಕಳನ್ನು ಕರೆಯುತ್ತವೆ. ಇಡಿಯ ಹಣ್ಣನ್ನು ಕೊಂಡು ಮನೆಗೆ ತಂದು ತೊಳೆದು ಹೆಚ್ಚಿದರೆ ಹಣವೂ ಉಳಿಯುತ್ತದೆ.

ಆರು ತಿಂಗಳೊಳಗಿನ ಕೂಸಿನ ವಿಷಯ ಬೇರೆ. ಅದಕ್ಕೆ ಎಂಥ ಸುಡುಬಿಸಿಲಿನಲ್ಲಿಯೂ ಮೊಲೆಹಾಲಲ್ಲದೆ ಒಂದು ಹನಿ ನೀರೂ ಬೇಡ. ದಾಹಕ್ಕೆ ಬೇಕಾದ ನೀರೆಲ್ಲ ತಾಯಿಯ ಹಾಲಿನಲ್ಲಿಯೇ ಇದೆ. ಆದರೆ ತೊಡಕು ಇರುವುದು ಇಲ್ಲಿಯೇ. ನಿಮ್ಮ ಮನೆಯಲ್ಲಿ ನೀವು ಇದನ್ನು ಪಾಲಿಸುತ್ತೀರಿ. ನೆಂಟರ ಮನೆಗೆ ಹೋದೊಡನೆ ಕೂಸು ಕೈಯಿಂದ ಕೈಗೆ ದಾಟುತ್ತದೆ. ದೊಡ್ಡಮ್ಮ ಜೇನು ನೆಕ್ಕಿಸುತ್ತಾರೆ, ಅತ್ತೆ ಬಜೆ ತೇಯ್ದು ನಾಲಿಗೆಗೆ ಸವರುತ್ತಾರೆ, "ಪಾಪ, ಕೂಸಿಗೆ ಗಂಟಲು ಒಣಗಿದೆ" ಎಂದು ಯಾರೋ ತಂಬಿಗೆಯಿಂದ ಹನಿ ಬಿಡುತ್ತಾರೆ. ಎಲ್ಲವೂ ಪ್ರೀತಿಯಿಂದಲೇ. ಬೇಡವೆಂದರೆ, ನಾಲ್ಕಕ್ಷರ ಕಲಿತವಳು ನಮಗೆ ಬುದ್ಧಿ ಹೇಳುತ್ತಾಳೆ ಎಂಬ ಮಾತು ಬಂದೀತೆಂಬ ಅಂಜಿಕೆ ನಿಮಗೆ. ನಿಮ್ಮ ಸಂಕೋಚವನ್ನು ನಾನು ಬಲ್ಲೆ. ವೈದ್ಯೆಯಾದ ನಾನೇ ನನ್ನ ಮೊದಲ ಮಗುವನ್ನು ಗಂಡನ ಊರಿಗೆ ಕರೆದೊಯ್ದಾಗ, ಕುದಿಸಿದ ನೀರು ಬೇಕೆಂದು ಕೇಳಲು ಎರಡು ದಿನ ತಡೆದೆ. ಅವರ ಮನೆಯ ನೀರನ್ನು ಜರೆದಂತಾಗುತ್ತದೆ ಎಂದು.

ಮೂರನೆಯ ದಿನ ಹೇಳಿದುದು ಹೀಗೆ: "ಅತ್ತೆಯವರೇ, ಈ ಕೂಸಿನ ಹೊಟ್ಟೆ ಸೂಕ್ಷ್ಮ. ನೀರು ಕಾಯಿಸಿ ಕೊಡಿ ಎಂದು ಡಾಕ್ಟರು ಹೇಳಿದ್ದಾರೆ. ನೀವೇ ನಿಮ್ಮ ಕೈಯಿಂದ ಕಾಯಿಸಿಟ್ಟರೆ ನನಗೆ ಧೈರ್ಯ." ಆ ಡಾಕ್ಟರು ನಾನೇ ಎಂಬುದು ಅವರಿಗೆ ಗೊತ್ತಿತ್ತು, ನಕ್ಕರು. ಆದರೆ ಅಂದಿನಿಂದ ಆ ಪಾತ್ರೆಯ ಉಸ್ತುವಾರಿ ಅವರದೇ ಆಯಿತು, ಬೇರೆ ಯಾರೂ ಮುಟ್ಟಲು ಬಿಡುತ್ತಿರಲಿಲ್ಲ. ಹಿರಿಯರಿಗೆ ಕೆಲಸದಲ್ಲಿ ಪಾಲು ಕೊಟ್ಟರೆ ಅವರು ಎದುರಾಡುವುದಿಲ್ಲವೆಂದು ನಾನು ಕಂಡುಕೊಂಡೆ. ಓ.ಆರ್.ಎಸ್. ಬೆರೆಸುವುದನ್ನೂ ಹಾಗೆಯೇ ಅಜ್ಜಿಯಿಂದಲೇ ಮಾಡಿಸಿ. ಇದು ನಿಮಗೆ ಒಪ್ಪಿಗೆಯಾಗದಿದ್ದರೆ ಬೇರೆ ದಾರಿ ಹುಡುಕಿಕೊಳ್ಳಿ. ಆದರೆ ಸಂಕೋಚಪಟ್ಟು ಸುಮ್ಮನಿರಬೇಡಿ. ಗಂಡಂದಿರೇ, ನಿಮ್ಮ ತಾಯಿಗೆ ನೀವು ಒಂದು ಮಾತು ಹೇಳಿದರೆ ಹೆಂಡತಿಯ ಅರ್ಧ ಭಾರ ಇಳಿಯುತ್ತದೆ.

ಊರಿಗೆ ಹೋಗುವಾಗ ತಾಯಿ ಕಾರ್ಡನ್ನು ಜೊತೆಗೆ ಒಯ್ಯಿರಿ. ರಜೆಯಲ್ಲಿ ಊರಿನಲ್ಲಿರಲಿಲ್ಲವೆಂಬ ಕಾರಣಕ್ಕೆ ಲಸಿಕೆ ತಪ್ಪಿದ ಮಕ್ಕಳು ಪ್ರತಿ ಜೂನ್ ತಿಂಗಳಲ್ಲಿ ನಮ್ಮ ದಾಖಲೆಯಲ್ಲಿ ಸಿಕ್ಕುತ್ತಿದ್ದರು. ಲಸಿಕೆಯನ್ನು ನಿಮ್ಮೂರಿನಲ್ಲಿಯೇ ಹಾಕಿಸಬೇಕೆಂಬ ನಿಯಮವಿಲ್ಲ. ತವರೂರಿನ ಅಂಗನವಾಡಿಯಲ್ಲಿ ಲಸಿಕೆಯ ದಿನ ಕಾರ್ಡ್ ತೋರಿಸಿದರೆ ಹಾಕುತ್ತಾರೆ. ಎಳೆಯ ಮಕ್ಕಳಲ್ಲಿ ಕಠಿಣ ಭೇದಿಗೆ ಮುಖ್ಯ ಕಾರಣಗಳಲ್ಲೊಂದಾದ ರೋಟಾ ವೈರಸ್ ವಿರುದ್ಧದ ಲಸಿಕೆಯನ್ನು 6, 10 ಮತ್ತು 14ನೆಯ ವಾರಗಳಲ್ಲಿ ಬಾಯಿಯ ಮೂಲಕ ಕೊಡುತ್ತಾರೆ. 2016ರಿಂದ ಹಂತಹಂತವಾಗಿ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮಕ್ಕೆ ಸೇರಿದ ಇದು ಈಗ ನಮ್ಮ ರಾಜ್ಯದಲ್ಲಿಯೂ ಉಚಿತ.

ನೀರಿನ ಮಾತು ಬಂದಾಗ ಬಾವಿಯನ್ನು ಮರೆಯಲಾಗದು. ಪೇಟೆಯಲ್ಲಿ ಬೆಳೆದ, ಈಜು ಬಾರದ ಮಕ್ಕಳು ರಜೆಯಲ್ಲಿ ತೋಟದ ಬಾವಿ, ಕಾಲುವೆ, ಕೃಷಿಹೊಂಡಗಳಿಗೆ ಇಳಿಯುವುದು ದೊಡ್ಡವರು ಹಬ್ಬದೂಟ ಮುಗಿಸಿ ಮಧ್ಯಾಹ್ನ ಮಲಗಿದ ಹೊತ್ತಿನಲ್ಲಿ. ಎಲ್ಲರೂ ನೋಡಿಕೊಳ್ಳುತ್ತಿದ್ದಾರೆಂದರೆ ಯಾರೂ ನೋಡಿಕೊಳ್ಳುತ್ತಿಲ್ಲವೆಂದೇ ಅರ್ಥ. ಆ ಹೊತ್ತಿಗೆ ಒಬ್ಬ ದೊಡ್ಡವರನ್ನು ಹೆಸರು ಹಿಡಿದು ಗೊತ್ತುಮಾಡಿ.

ನನ್ನ ಚಿಗವ್ವನಿಗೆ ಈಗ ಎಪ್ಪತ್ತು ದಾಟಿದೆ. ಆ ಬೇಸಗೆಯ ನಂತರ ಆಕೆಗೆ ಮೂವರು ಮಕ್ಕಳಾದರು, ಈಗ ಮೊಮ್ಮಕ್ಕಳಿದ್ದಾರೆ. ಬಸವ ಜಯಂತಿಗೆ ನಾವೆಲ್ಲರೂ ಇಂದಿಗೂ ಆ ಊರಿನಲ್ಲಿಯೇ ಸೇರುತ್ತೇವೆ. ಎತ್ತುಗಳು ಎರಡೇ ಉಳಿದಿವೆ. ಮನೆಯ ಮುಂದೆ ನಲ್ಲಿ ಬಂದಿದೆ. ಅಜ್ಜಿಯ ಅಡಿಗೆಮನೆಯ ಆ ಮಾಡ ಮಾತ್ರ ಹಾಗೆಯೇ ಇದೆ. ಹಬ್ಬದ ಹಿಂದಿನ ದಿನ ಚಿಗವ್ವ ಅಂಗನವಾಡಿಯವರೆಗೆ ತಾನೇ ನಡೆದು ಹೋಗಿ ನಾಲ್ಕು ಪೊಟ್ಟಣಗಳನ್ನು ತಂದು ಅಲ್ಲಿ ಉಪ್ಪಿನ ಪಕ್ಕದಲ್ಲಿ ಇಡುತ್ತಾಳೆ. ಕೂಸನ್ನು ಎತ್ತಿಕೊಂಡು ಬಂದ ಸೊಸೆಯಂದಿರನ್ನು ಮೊದಲು ಅಡಿಗೆಮನೆಗೆ ಕರೆದೊಯ್ದು ಅದು ಎಲ್ಲಿದೆಯೆಂದು ತೋರಿಸುತ್ತಾಳೆ. ಏಕೆಂದು ಯಾರೂ ಕೇಳುವುದಿಲ್ಲ. ಕಾಲಿಗೆ ನೀರು ಕೊಡುವುದೂ ಚಹಾಕ್ಕೆ ಇಡುವುದೂ ಅದಾದ ಮೇಲೆ.